ಗೋಡೆಯ ಮೇಲಿನ ನಾಲ್ಕು ನಂಬರು

ಇಂಡಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಫೋನ್ ಇಡುತ್ತಿದ್ದ ಮಾಡದ ಪಕ್ಕಕ್ಕೆ, ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ನಾಲ್ಕು ಸಾಲು ಅಂಕಿಗಳಿದ್ದವು. ಬರೆದವಳು ನಮ್ಮವ್ವ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿದ್ದವು. ಸಂತೆಯ ಲೆಕ್ಕ, ಹಾಲಿನ ಲೆಕ್ಕ ಇಟ್ಟು ಇಟ್ಟು ಕಲಿತವು. ಯಾವ ಸಾಲು ಯಾವ ಊರಿನದೆಂದು ತಿಳಿಯಲು ಒಂದೊಂದರ ಮುಂದೆಯೂ ಒಂದು ಚಿತ್ರ ತೆಗೆದಿದ್ದಳು. 08359ರ ಮುಂದೆ ಲಿಂಬೆಹಣ್ಣು, ಅದು ಇಂಡಿ. 08358ರ ಮುಂದೆ ಕೋಡಿರುವ ಒಂದು ಪ್ರಾಣಿ, ಬಸವಣ್ಣನೆಂದು ನಾವೇ ತಿಳಿದುಕೊಳ್ಳಬೇಕು. ಅದು ಬಸವನ ಬಾಗೇವಾಡಿ, ನನ್ನ ಹೆಂಡತಿಯ ತವರು. 08488ರ ಮುಂದೆ ಬಳೆ. ಅಕ್ಕನನ್ನು ಕೊಟ್ಟ ಊರು ಸಿಂದಗಿ. 08356ರ ಮುಂದೆ ಒಂದು ಬಾಗಿಲು; ಮುದ್ದೇಬಿಹಾಳ, ಅವ್ವನ ತವರು. ಬಳೆಯೂ ಲಿಂಬೆಹಣ್ಣೂ ಎರಡೂ ಗುಂಡಗೆ ಇದ್ದುದರಿಂದ ಗುರುತು ತಪ್ಪದಿರಲೆಂದು ಲಿಂಬೆಹಣ್ಣಿನ ಒಳಗೆ ಕಪ್ಪು ತುಂಬಿದ್ದಳು.

"ನಾವು ಇಂಡಿಯಾಗ ಇದ್ದು ಇಂಡಿ ನಂಬರ ಯಾಕ ಬರದೀಬೇ?" ಎಂದು ಒಮ್ಮೆ ಕೇಳಿದ್ದೆ.

"ಯಾರರೆ ಕೇಳಿದರ ಹೇಳಾಕ ಬೇಕಲ್ಲೊ," ಅಂದಳು.

1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದ ಮೇಲೆ ವಿಜಾಪುರಕ್ಕೆ ಉಳಿದದ್ದು ಐದೇ ತಾಲೂಕು. ಜಿಲ್ಲಾ ಕೇಂದ್ರಕ್ಕೆ ನಾವು ಹೋಗುತ್ತಿದ್ದುದು ದವಾಖಾನೆಗೆ, ಕೋರ್ಟಿಗೆ, ಅಡಿಕೆ-ಎಲೆ ಜಗಿಯುತ್ತ ಬಸ್ಸು ಬದಲಿಸುವುದಕ್ಕೆ. ಬಂಧುಬಳಗವೆಲ್ಲ ಮಿಕ್ಕ ನಾಲ್ಕರಲ್ಲಿ ಹಂಚಿಹೋಗಿತ್ತು. ಈಗ ವಿಜಾಪುರ ವಿಜಯಪುರವಾಗಿದೆ (2014ರ ನವೆಂಬರ್ 1), ತಾಲೂಕುಗಳು ಒಡೆದು ಹೆಚ್ಚಾಗಿವೆ. ಆದರೆ ಅವ್ವನ ಭೂಗೋಳದಲ್ಲಿ ಜಿಲ್ಲೆಯೆಂದರೆ ಆ ನಾಲ್ಕು ಸಾಲೇ. ಸಿಂದಗಿಯ ನಂಬರು ಮಾತ್ರ ನಮ್ಮ ಸಾಲಿನದಲ್ಲ. ವಿಜಾಪುರ 08352, ಉಳಿದ ಮೂರೂ ಅದರ ಹಿಂದೆಮುಂದೆ. ಸಿಂದಗಿಯದು ಕಲಬುರ್ಗಿಯ 08472, ಬೀದರಿನ 08482 ಇವುಗಳ ಕಡೆಗೆ ವಾಲಿಕೊಂಡದ್ದು. "ಮಗಳನ್ನ ಕೊಟ್ಟ ಮ್ಯಾಲ ಆಕಿ ಆ ಕಡೀದಾಕಿನ" ಎಂದು ಅವ್ವ ಅದಕ್ಕೂ ಒಂದು ಅರ್ಥ ಹೇಳುತ್ತಿದ್ದಳು.

ನಮ್ಮ ಕಡೆ ದೂರದ ಸುದ್ದಿಗೂ ಸಾವಿಗೂ ಹಳೆಯ ನಂಟು. ನಾನು ಚಿಕ್ಕವನಿದ್ದಾಗ ತಾರು ಬಂತೆಂದರೆ ಓದಿಸುವ ಮೊದಲೇ ಹೆಂಗಸರು ಅಳಲು ಕೂಡುತ್ತಿದ್ದರು; ಅದು ಎಷ್ಟೋ ಸಲ ನೌಕರಿಯ ತಾರು ಆಗಿರುತ್ತಿತ್ತು. ಟ್ರಂಕ್ ಕಾಲ್ ಎಂದರೆ ಬೆಳಿಗ್ಗೆ ಹೆಸರು ಹಚ್ಚಿ ಸಂಜೆಯವರೆಗೆ ಕೂಡುವ ಕೆಲಸ. ಸಾದಾ, ಅರ್ಜೆಂಟ್, ಲೈಟನಿಂಗ್ ಎಂದು ಮೂರು ತರಗತಿ. ಲೈಟನಿಂಗಿಗೆ ಎಂಟು ಪಟ್ಟು ದುಡ್ಡು. ಅದನ್ನು ಯಾರಾದರೂ ಬುಕ್ ಮಾಡಿದರೆಂದರೆ ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ನಿಲ್ಲುತ್ತಿದ್ದರು.

ಈ ಸ್ಥಿತಿ ಬದಲಾಗಲು ತೊಡಗಿದ್ದು ನಮ್ಮ ನೆರೆಯ ಜಿಲ್ಲೆಯಲ್ಲೇ ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳುತನದಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು 128 ಲೈನಿನ ಒಂದು ಸಣ್ಣ ಎಕ್ಸ್‌ಚೇಂಜ್ ಮಾಡಿತು. ಪರದೇಶದ ಎಕ್ಸ್‌ಚೇಂಜುಗಳಿಗೆ ಎ.ಸಿ. ಬೇಕು, ಧೂಳು ಆಗದು. ಇದು ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ, ಹೋಗಿಬರುವ ನಮ್ಮ ಕರೆಂಟಿಗೆ ಹೊಂದುವಂತೆ ಮಾಡಿದ್ದು. ಅದನ್ನು ಮೊದಲು ಕೂಡಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು ಎಂದರೆ ಶಾಲೆಯ ಪುಸ್ತಕದಲ್ಲಿ 1824 ಮಾತ್ರ ಇರುತ್ತದೆ. 1986ನ್ನೂ ಬರೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ನಾಲ್ಕೈದು ವರ್ಷಗಳಲ್ಲಿ ನಮ್ಮ ಸಂತೆಪೇಟೆಗಳಲ್ಲೂ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳು ಎದ್ದವು. ರಾತ್ರಿ ಹನ್ನೊಂದರ ಮೇಲೆ ಕಾಲು ದರ. ಹಗಲೆಲ್ಲ ಬಣಗುಟ್ಟುವ ಬೂತಿನ ಮುಂದೆ ಆಗ ಸಿನಿಮಾ ಬಿಟ್ಟಂತೆ ಜನ.

1991ರಲ್ಲಿ ನಮ್ಮ ಓಣಿಗೆ ಮೊದಲ ಫೋನು ಬಂತು, ಬಾಜೂ ಮನೆ ಕಾಕಾನಿಗೆ. ಕಾಕಾ ಎಂದರೆ ರಕ್ತಸಂಬಂಧವೇನೂ ಅಲ್ಲ. ಔಷಧದ ಅಂಗಡಿ ಇಟ್ಟಿದ್ದವರು, ಅಪ್ಪನ ಜೊತೆಗಾರರು. ಮುಂದಿನ ಏಳು ವರ್ಷ ನಮ್ಮ ಮನೆಯ ಲಗ್ನಪತ್ರಿಕೆಯಲ್ಲಿ, ನನ್ನ ಅರ್ಜಿಗಳಲ್ಲಿ ಎಲ್ಲ ಅವರದೇ ನಂಬರು, ಪಕ್ಕದಲ್ಲಿ 'ಪಿ.ಪಿ.' ಎಂಬ ಎರಡಕ್ಷರ. ಇಂದಿನ ಹುಡುಗರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗುತ್ತದೆ. ಫೋನು ಬೇರೆಯವರದು, ಅವರು ಕರೆದು ಕೊಡುತ್ತಾರೆ, ಎಂದಷ್ಟೇ ಅದರ ಅರ್ಥ. ಮುದ್ದೇಬಿಹಾಳದಿಂದ ಮಾವನ ಫೋನು ಬಂದರೆ ಕಾಕಾನ ಮನೆಯ ಮಾಳಿಗೆಯಿಂದ ಒಂದು ಕೂಗು. ಅವ್ವ ರೊಟ್ಟಿಯ ಹಂಚು ಇಳಿಸಿ, ಸೆರಗಿಗೆ ಕೈ ಒರೆಸುತ್ತ ಓಡುವುದು. ಮಾವ ಅಲ್ಲಿ ಇಟ್ಟುಬಿಟ್ಟು ಐದು ನಿಮಿಷಕ್ಕೆ ಮತ್ತೆ ಹಚ್ಚುವುದು. ಕಾಕಾನ ಮನೆಯವರು ಆಗ ಟಿ.ವಿ.ಯ ಸಪ್ಪಳ ತಗ್ಗಿಸುತ್ತಿದ್ದರು. ಕೇಳಿಸಿಕೊಳ್ಳಲಿಕ್ಕೆಂದೇ ತಗ್ಗಿಸುತ್ತಾರೆಂದು ನನ್ನ ಹೆಂಡತಿಯ ಗುಮಾನಿ. 1998ರಲ್ಲಿ, ಹೆಸರು ಹಚ್ಚಿ ಬಹಳ ವರ್ಷಗಳ ಮೇಲೆ, ನಮ್ಮದೇ ಫೋನು ಬಂದಾಗ ಅವ್ವ ಗೋಡೆಯ ಮೇಲೆ ಆ ನಾಲ್ಕು ಸಾಲು ಬರೆದಳು.

ಇಂಟರ್‌ನೆಟ್ಟಿನ ಕಥೆ ಇದೇ ತಂತಿಯ ಮೇಲೆ ನಡೆದದ್ದು. ವಿ.ಎಸ್.ಎನ್.ಎಲ್. 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದದ್ದು ಮಹಾನಗರಗಳಲ್ಲಿ. ಬೆಂಗಳೂರಿಗೂ ಅದು ಬೇಗ ಬಂತು. ಆದರೆ ಬೆಂಗಳೂರಿನ ನಂಬರಿಗೆ ಇಂಡಿಯಿಂದ ಹಚ್ಚಬೇಕಾದರೆ ಎಸ್.ಟಿ.ಡಿ. ದರ ಬೀಳುತ್ತಿತ್ತು, ಒಂದು ಪತ್ರ ಓದುವುದರಲ್ಲಿ ಒಂದು ಚೀಲ ಜೋಳದ ದುಡ್ಡು. 1996ರ ಕೊನೆಗೆ ಡಾ. ಯು.ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆ ತೆಗೆದರು. ಅದನ್ನು ಓದಿದವರಲ್ಲಿ ಅಮೆರಿಕದ ಕನ್ನಡಿಗರು ಎಷ್ಟಿದ್ದರೋ ಗೊತ್ತಿಲ್ಲ, ನಮ್ಮ ನಾಲ್ಕು ತಾಲೂಕಿನವರಂತೂ ಇರಲಿಕ್ಕಿಲ್ಲ. 2000ದ ಅಕ್ಟೋಬರ್ 1ರಂದು ಬಿ.ಎಸ್.ಎನ್.ಎಲ್. ಹುಟ್ಟಿತು. ಮುಂದೆ 172233 ಎಂಬ ನಂಬರು ಬಂತು. ಯಾವ ಖಾತೆಯೂ ಬೇಡ, ಅರ್ಜಿಯೂ ಬೇಡ. ಆ ಆರು ಅಂಕಿ ತಿರುವಿದರೆ ಯಾವ ಫೋನಿನಿಂದ ಬಂದಿದೆಯೆಂದು ಅದೇ ಗುರುತು ಹಿಡಿದು ಬಿಲ್ಲಿಗೆ ಸೇರಿಸುತ್ತಿತ್ತು. ಸ್ಥಳೀಯ ಕಾಲಿನ ದರ. ಮೂರು ನಿಮಿಷಕ್ಕೊಂದು ಕಾಲು, ತಾಸಿಗೆ ಇಪ್ಪತ್ತು. ನಮ್ಮಂಥ ಊರಿಗೆ ಇಂಟರ್‌ನೆಟ್ ಬಂತೆಂದು ನಾನು ಲೆಕ್ಕ ಹಿಡಿಯುವುದು ಆ ನಂಬರಿನಿಂದ.

ಮೋಡೆಮಿನ ಸಪ್ಪಳ ಕೇಳಿದವರಿಗೆ ಮರೆಯುವುದಿಲ್ಲ. ಮೊದಲು ಸಿಳ್ಳು, ಆಮೇಲೆ ತಗಡು ಎಳೆದಂತೆ, ಕೊನೆಗೆ ಕಾದ ಹಂಚಿಗೆ ನೀರು ಚಿಮುಕಿಸಿದಂತೆ ಚೊಯ್ ಎಂದು ನಿಲ್ಲುವುದು. ಮನುಷ್ಯರ ಮಾತಿಗೆಂದು ಬಿಟ್ಟ ಕಿರಿದಾದ ಹಾದಿಯಲ್ಲಿ ಕಂಪ್ಯೂಟರು ಸಪ್ಪಳ ಮಾಡಿ ಮಾತಾಡುತ್ತಿತ್ತು. ಹಾದಿ ಒಂದೇ ಆದ್ದರಿಂದ ಅದು ಮಾತಾಡುವಾಗ ನಾವು ಮಾತಾಡುವಂತಿರಲಿಲ್ಲ. ಈ ಒಂದು ವಾಕ್ಯಕ್ಕೆ ನಾನು ಮತ್ತೆ ಬರುತ್ತೇನೆ.

2005ರ ಮಳೆಗಾಲದಲ್ಲಿ ಅಕ್ಕನ ಮಗ ಪುಣೆಯಿಂದ ಒಂದು ತಿಂಗಳ ಮಟ್ಟಿಗೆ ನಮ್ಮ ಮನೆಗೆ ಬಂದ. ಕೈಯಲ್ಲಿ ಕಂಪನಿಯ ಲ್ಯಾಪ್‌ಟಾಪು. ನನ್ನ ಮಗ ಇಂಜಿನಿಯರಿಂಗ್ ಓದುತ್ತಿದ್ದವ, ರಜೆಗೆ ಬಂದಿದ್ದ. ಕಾಕಾನ ಮೊಮ್ಮಗಳು ಸಿ.ಇ.ಟಿ. ಬರೆದು ಕೂತಿದ್ದಳು. ಮೂವರಿಗೂ ಬೇಕು ನೆಟ್ಟು. ಇರುವುದು ಒಂದು ಡೆಸ್ಕ್‌ಟಾಪು, ಒಂದು ಮೋಡೆಮು, ಒಂದು ತಂತಿ. ಅಳಿಯ ಎರಡು ಬೆರಳಿನಷ್ಟುದ್ದದ ಒಂದು ಯಂತ್ರ ತೆಗೆದು ಡೆಸ್ಕ್‌ಟಾಪಿಗೆ ಚುಚ್ಚಿದ. ಅದು ಬಿನ್‌ತಾರಿನ ಕಡ್ಡಿ. "ಮಾಮಾ, ಇನ್ನ ಮನಿ ತುಂಬ ನೆಟ್ಟು" ಅಂದ.

ಇದೂ ಅಷ್ಟೇನೂ ಹೊಸದಾಗಿರಲಿಲ್ಲ ಎಂದು ಆಮೇಲೆ ಓದಿ ತಿಳಿದೆ. 1999ರ ಜುಲೈನಲ್ಲಿ ಆಪಲ್ ಕಂಪನಿ ಏರ್‌ಪೋರ್ಟ್ ಎಂಬ ಗುಮ್ಮಟದಂಥ ಪೆಟ್ಟಿಗೆ ಬಿಡುಗಡೆ ಮಾಡಿದಾಗ ಅದರ ಹೊಟ್ಟೆಯಲ್ಲೇ 56ಕೆ ಮೋಡೆಮ್ ಇತ್ತು. ಅಂದರೆ ಅಮೆರಿಕದ ಮನೆಗಳಲ್ಲೂ ವೈ-ಫೈ ಮೊದಲು ಹಂಚಿದ್ದರಲ್ಲಿ ಫೋನಿನ ತಂತಿಯ ಇಂಟರ್‌ನೆಟ್ಟೂ ಇತ್ತು. ಅದೇ ವರ್ಷ ವಿಂಡೋಸ್ 98ರ ಎರಡನೆಯ ಆವೃತ್ತಿ ಒಂದು ಕಂಪ್ಯೂಟರಿನ ಸಂಪರ್ಕವನ್ನು ಉಳಿದವು ಹಂಚಿಕೊಳ್ಳುವ ಏರ್ಪಾಡು ತಂದಿತು. ನಮ್ಮ ದೇಶದಲ್ಲಿ ಈ ಅಲೆಗಳ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನ ಗೋಜಿಲ್ಲದೆ ಬಳಸಲು ಸರ್ಕಾರ ಬಿಟ್ಟುಕೊಟ್ಟದ್ದು 2005ರ ಜನವರಿಯಲ್ಲಿ. ಅದೇ ತಿಂಗಳು ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡೂ ಆರಂಭವಾಯಿತು, ಆದರೆ ನಮ್ಮ ಮನೆಗೆ ಅದು ಇನ್ನೂ ದೂರದ ಮಾತು.

ಏರ್ಪಾಡು ಹೇಗೆಂದು ಅಳಿಯ ಹೇಳಿದಾಗ ನನಗೆ ನಗು ಬಂತು. ಹೊರಗಿನ ಜಗತ್ತಿಗೆ ನಮ್ಮ ಮನೆಯದು ಒಂದೇ ನಂಬರು. ಒಳಗೆ ಡೆಸ್ಕ್‌ಟಾಪು 192.168.0.1 ಎಂದು ತನಗೆ ಹೆಸರಿಟ್ಟುಕೊಂಡು, ಉಳಿದವರಿಗೂ ಒಂದೊಂದು ಒಳನಂಬರು ಕೊಡುತ್ತದೆ. ಯಾರು ಏನು ಕೇಳಿದ್ದರೆಂದು ನೆನಪಿಟ್ಟುಕೊಂಡು, ಹೊರಗಿನಿಂದ ಉತ್ತರ ಬಂದ ಕೂಡಲೇ ಕೇಳಿದವರಿಗೆ ಮುಟ್ಟಿಸುತ್ತದೆ. ಈ ಯುಕ್ತಿಯನ್ನು ಪಂಡಿತರು 1994ರಲ್ಲಿ ಬರೆದಿಟ್ಟರಂತೆ. ನಮ್ಮ ಕಾಕಾ ಅದನ್ನು 1991ರಿಂದಲೇ ಮಾಳಿಗೆಯ ಮೇಲೆ ನಿಂತು ಮಾಡುತ್ತಿದ್ದರು.

ತೊಡಕು ಬಂದದ್ದು ಗೋಡೆಯಿಂದ. ನಮ್ಮದು ಕಲ್ಲು-ಮಣ್ಣಿನ ಎರಡು ಮೊಳ ದಪ್ಪದ ಗೋಡೆ. ಬೇಸಿಗೆಯಲ್ಲಿ ಬಿಸಿಲನ್ನೇ ಒಳಗೆ ಬಿಡದ್ದು ಆ ಅಲೆಗಳನ್ನು ಬಿಟ್ಟೀತೇ? ಪಡಸಾಲೆಯಲ್ಲಿ ಐದು ಗೆರೆ ತೋರಿಸುವುದು ಅಡಿಗೆಮನೆಯ ಹೊಸ್ತಿಲು ದಾಟಿದರೆ ಸತ್ತೇಹೋಗುತ್ತಿತ್ತು. ಹುಡುಗರು ಎರಡು ದಿನ ಒದ್ದಾಡಿ, ಕೊನೆಗೆ ಐದು ಮೀಟರಿನ ವಾಯರು ತಂದು ಆ ಕಡ್ಡಿಯನ್ನು ಮಾಳಿಗೆಯ ಬೆಳಕಿಂಡಿಗೆ ತೂಗುಬಿಟ್ಟರು. ಬೆಳಕು ಇಳಿಯುವ ಹಾದಿಯಲ್ಲಿ ನೆಟ್ಟು ಏರಿತು. ಬೆಳಕಿಂಡಿಯಿಂದ ನಮ್ಮ ಮಾಳಿಗೆಗೆ, ಅಲ್ಲಿಂದ ಕಾಕಾನ ಮಾಳಿಗೆಯ ಕೋಣೆಗೆ. ಗುಪ್ತಶಬ್ದ ಇಡಲು ಇಂಗ್ಲಿಷಿನ ಐದೇ ಅಕ್ಷರ ಬೇಕೆಂದಿತು. ಮಗ ನಮ್ಮ ಹೊಲದ ಎತ್ತು ರಾಮ್ಯಾನ ಹೆಸರು ಹಾಕಿದ. ಐದಕ್ಕೆ ಸರಿಯಾಯಿತು.

ಬಂದದ್ದೆಷ್ಟು ಎಂದು ಕೇಳಬೇಡಿ. ಬಿನ್‌ತಾರಿನ ವೇಗ 11 ಮೆಗಾಬಿಟ್. ತಂತಿಯದು ಕಾಗದದ ಮೇಲೆ 56 ಕಿಲೋಬಿಟ್, ನಿಜದಲ್ಲಿ ಅದರ ಅರ್ಧ-ಮುಕ್ಕಾಲು. ಕಾಲುವೆ ತೋಡಿದ್ದು ಬಾವಿಯ ಇನ್ನೂರು ಪಟ್ಟು, ಬಾವಿಯಲ್ಲಿ ಏಳುವುದು ಒಂದು ಕೊಡ. ಆ ಕೊಡವನ್ನೂ ಮೂವರು ಹಂಚಿಕೊಳ್ಳಬೇಕು. ಪೇಪರಿನ ಒಂದು ಪುಟ ತೆರೆಯುವುದರೊಳಗೆ ಚಹಾ ಕುಡಿದು ಬರಬಹುದು. ಅದರಲ್ಲೂ ಆ ಕಾಲದ ಕನ್ನಡ ಪತ್ರಿಕೆಗಳಿಗೆ ಒಂದೊಂದಕ್ಕೂ ಒಂದೊಂದು ಫಾಂಟು. ಅದನ್ನು ಇಳಿಸಿಕೊಳ್ಳದಿದ್ದರೆ ಪುಟದ ತುಂಬ ಇರುವೆ ಸಾಲು. ಆದರೂ ಕತ್ತಲಾದ ಮೇಲೆ ಎರಡು ಮಾಳಿಗೆಯ ಮೇಲೆ ಎರಡು ನೀಲಿ ಬೆಳಕು, ಕೆಳಗೊಂದು, ನೋಡಲು ಚೆಂದವಿತ್ತು. ಇಂಡಿಯ ಹತ್ತಿರವೇ ಸಾಲೋಟಗಿ ಇದೆ. ಅಲ್ಲಿಯ ಕ್ರಿ.ಶ. 945ರ ರಾಷ್ಟ್ರಕೂಟ ಶಾಸನ ಒಂದು ವಿದ್ಯಾಶಾಲೆಯ ಸುದ್ದಿ ಹೇಳುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು, ಅವರಿಗೆ 27 ವಸತಿಗಳು, ದೀಪದ ಎಣ್ಣೆಯ ಖರ್ಚಿಗೆಂದೇ 12 ನಿವರ್ತನ ಭೂಮಿ. ಒಂದು ದೀಪಕ್ಕೆ ಎಷ್ಟು ತಲೆ ಬಾಗಿರುತ್ತಿದ್ದವೋ. ಆ ಮೂರು ಬೆಳಕು ನೋಡಿದಾಗ ನನಗೆ ಅದು ನೆನಪಾಗುತ್ತಿತ್ತು. ಇತಿಹಾಸ ಓದಿದವರಿಗೆ ಹೀಗೆ ಬೇಡದ ಹೊತ್ತಿನಲ್ಲೆಲ್ಲ ಏನಾದರೂ ನೆನಪಾಗುವ ರೋಗ.

ಬಿಲ್ಲಿನ ಅರ್ಧ ಕಾಕಾ ಕೊಡುವುದೆಂದು ಮಾತಾಯಿತು. ಎರಡು ಬಿಲ್ಲು ಯಾಕೆಂದು ಅವರು ತಮ್ಮ ಫೋನನ್ನು ಒಪ್ಪಿಸಿಯೇಬಿಟ್ಟರು. "ಏಳು ವರ್ಷ ನೀವು ನಮ್ಮ ಪಿ.ಪಿ. ಇದ್ರಿ, ಇನ್ನ ನಾವು ನಿಮ್ಮ ಪಿ.ಪಿ." ಎಂದು ನಕ್ಕರು. ನಾವೆಲ್ಲರೂ ನಕ್ಕೆವು. ಹುಡುಗರು ಇನ್ನೊಂದು ಕೆಲಸ ಮಾಡಿದ್ದರು. ನಡುವೆ ಯಾರಾದರೂ ಫೋನ್ ಹಚ್ಚಿದರೆ ಟುಕ್ ಟುಕ್ ಎನ್ನುವ ಕಾಲ್ ವೇಟಿಂಗ್ ಇತ್ತು. ಅದು ಬಂದರೆ ನೆಟ್ಟು ಹರಿಯುತ್ತದೆಂದು ಅದನ್ನು ತೆಗೆಸಿಹಾಕಿದ್ದರು. ನನಗೆ ಹೇಳಿಯೇ ತೆಗೆಸಿದ್ದು. ನಾನು ಹೂಂ ಅಂದಿದ್ದೆ.

ಜುಲೈ ತಿಂಗಳ ಒಂದು ರಾತ್ರಿ. ಅಳಿಯನಿಗೆ ಕಂಪನಿಯದೊಂದು ದೊಡ್ಡ ಫೈಲು ಬೇಕಿತ್ತು, 60 ಮೆಗಾಬೈಟ್. ಎಲ್ಲ ಸುರಳೀತ ನಡೆದರೆ ನಾಲ್ಕು ತಾಸು ಮೇಲೆ. ಎಂಟೂವರೆಗೆ ಹಚ್ಚಿ, ನಡುರಾತ್ರಿ ಕಳೆದ ಮೇಲೆ ಮುಗಿಯುತ್ತದೆಂದು ಮಲಗಿದ. ಮಗನೂ ಮಲಗಿದ. ಫೈಲು ಯಾವಾಗ ಮುಗಿಯಿತೋ, ಸಂಪರ್ಕ ಮಾತ್ರ ಹರಿಯದೆ ಹಾಗೇ ನಿಂತಿತ್ತು. ಹೊರಗೆ ಜಿಟಿಜಿಟಿ ಮಳೆ.

ಮುದ್ದೇಬಿಹಾಳದಲ್ಲಿ ಮಾವ ಆ ರಾತ್ರಿ ಊಟ ಮಾಡಿ ಕಟ್ಟೆಯ ಮೇಲೆ ಕೂತವರು ಹಾಗೇ ಒರಗಿದ್ದರು. ದವಾಖಾನೆಗೆ ಒಯ್ಯುವುದರೊಳಗೆ ಮುಗಿದಿತ್ತು. ಅವ್ವನಿಗಿಂತ ಎಂಟು ವರ್ಷ ಚಿಕ್ಕವರು. ಅವರನ್ನು ಎತ್ತಿ ಆಡಿಸಿದವಳು ಅವಳೇ. ಒಂಬತ್ತು ಗಂಟೆಯಿಂದ ಅವರ ಮನೆಯವರು ನಮಗೆ ಹಚ್ಚತೊಡಗಿದರು. ಎಂಗೇಜ್. ಹತ್ತಕ್ಕೆ ಎಂಗೇಜ್. ಇಂಥ ಹೊತ್ತಿಗೆಂದೇ ಅವರ ಡೈರಿಯಲ್ಲಿ ಕಾಕಾನ ನಂಬರು ಇತ್ತು, ಹದಿನಾಲ್ಕು ವರ್ಷದ ಹಳೆಯದು. ಅದನ್ನು ಹಚ್ಚಿದರೆ ಈ ನಂಬರು ಬಳಕೆಯಲ್ಲಿಲ್ಲ ಎಂದು ಒಬ್ಬ ಹೆಣ್ಣುಮಗಳ ಧ್ವನಿ. ಸಿಂದಗಿಯ ಅಕ್ಕನಿಗೆ ಸುದ್ದಿ ಮುಟ್ಟಿತು. ಅಕ್ಕನೂ ತನ್ನ ಮನೆಯಿಂದ ನಮಗೆ ಹಚ್ಚಿದಳು. ಬಾಗೇವಾಡಿಯ ಬೀಗರು ಹಚ್ಚಿದರು. ಮೂರು ಊರುಗಳಿಂದ ಆ ರಾತ್ರಿ ಒಂದೇ ತಂತಿಗೆ ಬಡಿದರು. ಅಳಿಯನ ಬಳಿ ಮೊಬೈಲ್ ಇತ್ತು. ಮಹಾರಾಷ್ಟ್ರ ದಾಟಿದರೆ ರೋಮಿಂಗ್ ಬೀಳುತ್ತದೆಂದು ಬಂದ್ ಮಾಡಿ ಚೀಲದಲ್ಲಿಟ್ಟಿದ್ದ.

ಬೆಳಿಗ್ಗೆ ಏಳೂವರೆಗೆ ಅವ್ವ ಯಾವುದಕ್ಕೋ ರಿಸೀವರ್ ಎತ್ತಿದಳು. ಚೊಯ್ ಎಂಬ ಸಪ್ಪಳ ಕೇಳಿ, "ಇದರಾಗ ಮಳಿ ಹತ್ತೇದ ನೋಡ್ರೊ" ಎಂದು ಇಟ್ಟಳು. ಆಗ ಸಂಪರ್ಕ ಹರಿದಿರಬೇಕು. ಎರಡು ನಿಮಿಷಕ್ಕೆ ಗಂಟೆ ಬಾರಿಸಿತು. ವಿಜಾಪುರ ಬಸ್‌ಸ್ಟ್ಯಾಂಡಿನ ಬೂತಿನಿಂದ ಅಕ್ಕ: "ನೀವು ಎಲ್ಲಿ ಅದೀರಿ? ನಾವು ಮುದ್ದೇಬಿಹಾಳ ಗಾಡಿ ಹತ್ತಾಕತ್ತೇವಿ."

ಇಂಡಿಯಿಂದ ವಿಜಾಪುರ, ವಿಜಾಪುರದಿಂದ ಬಾಗೇವಾಡಿ ಹಾದು ಮುದ್ದೇಬಿಹಾಳ. ಎರಡು ಬಸ್ಸು ಹಿಡಿದು ನಾವು ಮುಟ್ಟಿದಾಗ ಮಧ್ಯಾಹ್ನ ಎರಡು. ಮಳೆಗಾಲ, ಹನ್ನೊಂದೂವರೆವರೆಗೆ ಕಾಯ್ದು, ಮತ್ತೆ ಮಳೆ ಬರುವ ಲಕ್ಷಣ ಕಂಡು, ಮಣ್ಣು ಮಾಡಿ ಮುಗಿಸಿದ್ದರು. ಅವ್ವನನ್ನು ನೇರ ಹೊಲಕ್ಕೆ ಕರೆದೊಯ್ದೆವು. ಹಸಿಮಣ್ಣಿನ ಗುಡ್ಡೆ, ಮೇಲೆ ವಿಭೂತಿ, ಪತ್ರಿ, ಒಂದಷ್ಟು ಹೂವು. ಅವಳು ಅಳಲಿಲ್ಲ. ಒಂದು ಹಿಡಿ ಮಣ್ಣು ತಗೊಂಡು ಹಾಕಿ, ಅದು ಸರಿಯಾಗಿ ಬೀಳಲಿಲ್ಲವೇನೋ ಎಂಬಂತೆ ಅಂಗೈಯಿಂದ ತಟ್ಟಿ ಕೂಡಿಸಿದಳು. ಸಂಜೆ ಮಾವನ ಹಿರಿಯ ಮಗ, "ಅತ್ತೀ, ನಲವತ್ತ ಸಲ ಹಚ್ಚೀವಿ" ಅಂದ. "ಹೌದಪಾ," ಅಂದಳು, ಅಷ್ಟೇ. ಅಳಿಯ ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವಳೇ ಅವನ ಮುಂದೆ ಊಟದ ತಾಟು ಇಟ್ಟಳು.

ಇಂಡಿಗೆ ಬಂದ ಮೇಲೆ ಬೆಳಕಿಂಡಿಯಿಂದ ಕಡ್ಡಿಯನ್ನು ಇಳಿಸಬೇಕೆಂದು ನಾನು ಏಣಿ ಹಾಕಿದೆ. ಅವ್ವ ಬೇಡವೆಂದಳು. "ಅದೇನ ಮಾಡ್ಯದ? ಹುಡುಗೂರು ಓದ್ಲಿ. ರಾತ್ರಿ ಒಂಬತ್ತರ ಮ್ಯಾಲ ತಂತಿ ಮಂದಿದು. ಕಾಕಾಗ ಫೋನ್ ಮತ್ತ ತಗೋ ಅನ್ನು." ನನಗೆ ಕಾಲ್ ವೇಟಿಂಗ್ ಹೊಳೆದಿತ್ತು, ಮೊಬೈಲ್ ಹೊಳೆದಿತ್ತು, ಬಾಜೂ ಮನೆಯ ಬಾಗಿಲನ್ನು ನಾವೇ ಮುಚ್ಚಿದ್ದೆವೆಂಬುದು ಅವಳು ಹೇಳುವತನಕ ಹೊಳೆದಿರಲಿಲ್ಲ. ಕಾಕಾ ಮರುದಿನವೇ ಅರ್ಜಿ ಹಾಕಿದರು. ಹಳೆಯ ನಂಬರು ಸಿಗಲಿಲ್ಲ. ಹೊಸದು ಬಂದ ದಿನ ಅವ್ವ ಗೋಡೆಯ ಮೇಲೆ ಐದನೆಯ ಸಾಲು ಬರೆದು, ಅದರ ಮುಂದೆ ಒತ್ತಿಗೊತ್ತಿ ನಿಂತ ಎರಡು ಮನೆ ತೆಗೆದಳು. ಅದನ್ನು ಮೂರೂ ಊರಿಗೆ ನನ್ನಿಂದ ಹಚ್ಚಿಸಿ, ಬರೆದುಕೊಂಡರೋ ಇಲ್ಲವೋ ಎಂದು ಅಂಕಿ ಅಂಕಿ ತಿರುಗಿ ಹೇಳಿಸಿಕೊಂಡಳು.

ಮೂರು ವರ್ಷಕ್ಕೆ ನಮ್ಮ ಮನೆಗೂ ಬ್ರಾಡ್‌ಬ್ಯಾಂಡ್ ಬಂತು. ತಂತಿ ಅದೇ, ಮಾತು ಕೆಳಗಿನ ಹಾದಿಯಲ್ಲಿ, ನೆಟ್ಟು ಮೇಲಿನ ಹಾದಿಯಲ್ಲಿ, ಒಂದಕ್ಕೊಂದು ಅಡ್ಡ ಬರುವುದಿಲ್ಲ ಎಂದು ಕೂಡಿಸಲು ಬಂದ ಹುಡುಗ ತಿಳಿಹೇಳಿದ. ಅವ್ವ ಕೇಳಿಸಿಕೊಂಡಳು. ಅವನು ಹೋದ ಮೇಲೆ ಮಗನಿಗೆ ಕಂಪ್ಯೂಟರಿನ ಮುಂದೆ ಕೂಡಲು ಹೇಳಿ, ಏನಾದರೂ ದೊಡ್ಡದು ತರಿಸು ಅಂದಳು. ಮಾಳಿಗೆ ಹತ್ತಿ ಕಾಕಾನನ್ನು ಕೂಗಿ, ತಮ್ಮ ಫೋನಿನಿಂದ ನಮಗೆ ಹಚ್ಚಲು ಹೇಳಿದಳು. ಕೆಳಗಿಳಿದು ಮಾಡದ ಮುಂದೆ ನಿಂತಳು. ಗಂಟೆ ಬಾರಿಸಿತು. ಎತ್ತಿ, ಏನೂ ಮಾತಾಡದೆ ಕೇಳಿಸಿಕೊಂಡು, ಇಟ್ಟಳು. ಆಮೇಲೆ ಇನ್ನೂ ಎರಡು ಸಲ ಹಚ್ಚಿಸಿದಳು.